ಉದ್ದ ಬೋರ್ಡ್, ಗಿಡ್ಡ ಬೋರ್ಡ್

ಸಮುದ್ರದ ಅಲೆ ಮೇಲೆ ನಿಂತು ಜಾರುವ ಹಲಗೆಗಳಾದ ಹಳೇ ಸರ್ಫ್‌ಬೋರ್ಡ್‌ಗಳು ಅಷ್ಟು ಉದ್ದ ಯಾಕಿದ್ದವು, ಸ್ಕೇಟ್‌ಬೋರ್ಡಿಗೂ ಅದಕ್ಕೂ ನಂಟಿದೆಯಾ ಅಂತ ಕೇಳಿದ್ದೀರಿ. ಹವಾಯಿಯಲ್ಲಿ ಅರಸು ಮನೆತನದವರ 'ಓಲೋ' ಹಲಗೆ 16 ಅಡಿಗೂ ಮೀರುತ್ತಿತ್ತು. ಎಲ್ಲರೂ ಬಳಸುತ್ತಿದ್ದ 'ಅಲಾಯಾ' ಗಿಡ್ಡ, ತೆಳ್ಳಗೆ. ಉದ್ದ ಹಲಗೆ ಸಣ್ಣ ಅಲೆಯನ್ನೂ ಸುಲಭವಾಗಿ ಹಿಡಿಯುತ್ತದೆ, ಆದರೆ ತಿರುಗಿಸುವುದು ಕಷ್ಟ. 1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಹಲಗೆಯ ತಳಕ್ಕೆ ಮೀನಿನ ರೆಕ್ಕೆಯಂಥ ಫಿನ್ ಜೋಡಿಸಿದರು, ಹಿಡಿತ ಬಂತು. ಆಮೇಲೆ ಫೋಮ್, ಫೈಬರ್‌ಗ್ಲಾಸ್ ಬಂದು ತೂಕ ಇಳಿಯಿತು. 1960ರ ದಶಕದ ಕೊನೆಗಂತೂ 9-10 ಅಡಿಯ ಬೋರ್ಡ್ ಕೆಲವೇ ವರ್ಷಗಳಲ್ಲಿ 7 ಅಡಿಗಿಂತ ಕೆಳಗಿಳಿಯಿತು! ಕಲಿಯುವವರಿಗೆ ಮಾತ್ರ ಈಗಲೂ ಉದ್ದದ್ದೇ ವಾಸಿ ಅನ್ನುತ್ತೇನೆ.

ನಂಟು ಖಂಡಿತ ಇದೆ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫರ್‌ಗಳು ಅಲೆ ಇಲ್ಲದ ದಿನ ಸುಮ್ನೆ ಕೂರಲಾರದೆ, ಹಲಗೆಗೆ ರೋಲರ್ ಸ್ಕೇಟ್ ಚಕ್ರ ಬಡಿದು ರಸ್ತೆಗಿಳಿದರು; ಅದೇ ಸ್ಕೇಟ್‌ಬೋರ್ಡ್ ಆಯಿತು. ಈಗ ಟ್ರಿಕ್ ಮಾಡುವ ಬೋರ್ಡ್ ಸುಮಾರು 32 ಇಂಚು, ಇಳಿಜಾರಿನದು 40ರ ಆಸುಪಾಸು.