ಶನಿವಾರ ಎಸ್-10 ಕ್ಯಾಬ್ ಗುಜರಿಗೆ ಕಳಿಸಬೇಡಿ ಸರ್

ಸರ್, ನಿಮ್ಮ ಪೋಸ್ಟ್ ಓದಿದ ತಕ್ಷಣ ಬರೆಯಲು ಕೂತೆ. 1951ರ ಶೆವ್ರೊಲೆ 3100 ಪಿಕಪ್ಪಿನ ಕ್ಯಾಬ್ (ಡ್ರೈವರ್ ಕೂರುವ ಭಾಗ) ಸಿಕ್ಕಿದೆ, ಕೈಯಲ್ಲಿರುವುದು ಬಿಲ್ ಆಫ್ ಸೇಲ್, ಅಂದರೆ ಮಾರಾಟದ ಚೀಟಿ ಮಾತ್ರ. ಅದರ ಕೆಳಗೆ ಫ್ರೇಮ್ (ಚಾಸಿ) ಹಾಕಲು 1998ರ ಶೆವ್ರೊಲೆ ಎಸ್-10 ಲಾಂಗ್ ಬೆಡ್, ಅಂದರೆ ಹಿಂದಿನ ತೊಟ್ಟಿ ಉದ್ದ ಇರುವ ಪಿಕಪ್ ತಂದಿದ್ದೀರಿ. ಶನಿವಾರ ಎಸ್-10 ಕ್ಯಾಬ್ ಟೈಟಲ್ (ಮಾಲೀಕತ್ವದ ಪತ್ರ) ಸಮೇತ ಗುಜರಿಗೆ ಹೋಗುತ್ತದೆ ಅಂದಿದ್ದೀರಿ. ಹಳೆ ಕ್ಯಾಬಿನ ವಿನ್ (ಗಾಡಿಯ ಗುರುತಿನ ನಂಬರ್) ಪ್ಲೇಟ್ ಬಿಚ್ಚಿ ಎಸ್-10 ಫ್ರೇಮಿಗೆ ಕೂರಿಸಿದರೆ 1951ರ ಗಾಡಿ ಅಂತಲೇ ಟೈಟಲ್ ಆಗುತ್ತದೆ ಅಂತಲೂ ಬರೆದಿದ್ದೀರಿ. ಕೇಳಿರುವುದು ಮಾತ್ರ ಕ್ಯಾಬ್ ಮೌಂಟ್, ಅಂದರೆ ಕ್ಯಾಬನ್ನು ಫ್ರೇಮಿಗೆ ಹಿಡಿಸುವ ಬ್ರಾಕೆಟ್, ಎಲ್ಲಿ ಬರಬೇಕು ಅಂತ. ಮೌಂಟ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಶನಿವಾರದ ಟ್ರೇಲರ್ ಬೇಡ ಅಂತ ಫೋನ್ ಮಾಡಿ.

ನಾನು ಮಾಡಿದ್ದೂ ಇದೇ. ನನ್ನದು 1950ರ 3100, ಕೆಳಗೆ ಇದೇ ಎಸ್-10 ಲಾಂಗ್ ಬೆಡ್. ಫ್ರೇಮ್ ಕೊಟ್ಟ ಡೋನರ್ ಗಾಡಿಯ ಟೈಟಲ್ ಕ್ಲೀನ್ ಇತ್ತು, ನನ್ನ ಹೆಸರಿಗೇ ಇತ್ತು. ಕ್ಯಾಬ್, ಬೆಡ್, ಮುಂದಿನ ತಗಡು ಎಲ್ಲ ಗುಜರಿಗೆ ತಗೊಂಡು ಹೋದೆ. ಟೈಟಲ್ ಇಲ್ಲದೆ ತಗೊಳ್ಳುವುದಿಲ್ಲ ಅಂದರು. ಸಹಿ ಮಾಡಿ ಕೊಟ್ಟುಬಿಟ್ಟೆ. ಫ್ರೇಮ್ ನನ್ನ ಗ್ಯಾರೇಜಲ್ಲೇ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ. ಅವರ ತಪ್ಪೇನೂ ಇರಲಿಲ್ಲ. ಗುಜರಿ ಅಂಗಡಿಗಳು ತಾವು ತಗೊಂಡ ಗಾಡಿಗಳ ವಿನ್ ನಂಬರನ್ನು ತಿಂಗಳಿಗೊಮ್ಮೆ ಎನ್‌ಎಂವಿಟಿಐಎಸ್‌ಗೆ (ಅಮೆರಿಕದ ಗಾಡಿ ಟೈಟಲ್‌ಗಳ ರಾಷ್ಟ್ರೀಯ ದಾಖಲೆ) ಕಳಿಸಲೇಬೇಕು, ಅದು ಅಲ್ಲಿನ ಫೆಡರಲ್ ಕಾನೂನು. ಅವರು ಕಳಿಸಿದರು. ನನ್ನ ಫ್ರೇಮ್ ಆ ದಿನವೇ ಕಾಗದದ ಮೇಲೆ ಸತ್ತುಹೋಯಿತು. ನನಗೆ ಗೊತ್ತಾಗಿದ್ದು ಎರಡು ವರ್ಷದ ನಂತರ.

ಆ ಎರಡು ವರ್ಷ ಏನೇನು ಮಾಡಿದೆ ಅಂತ ಹೇಳಬೇಕು, ಯಾಕಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಫ್ರೇಮಿಗೆ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ, ದಪ್ಪ ಪೌಡರ್ ಕೋಟ್ ಹಾಕಿಸಿದೆ. ಮೌಂಟ್ ಮಾಡಿದೆ, ಬ್ರೇಕ್ ಲೈನ್ ಎಳೆದೆ, ವೈರಿಂಗ್ ಮುಗಿಸಿದೆ, ಪೇಂಟ್ ಆಯಿತು. ಗಾಡಿ ಸ್ಟಾರ್ಟ್ ಆದ ದಿನ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. ಆಮೇಲೆ ಇನ್ಸ್‌ಪೆಕ್ಷನ್‌ಗೆ ಹೋದೆ. ಫ್ರೇಮಿನ ನಂಬರ್ ಎಲ್ಲಿ ಅಂತ ಕೇಳಿದರು. ಪೌಡರ್ ಕೋಟ್ ಕೆಳಗೆ ಮುಚ್ಚಿಹೋಗಿತ್ತು. ಅವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಅಲ್ಲೇ ಕೋಟಿಂಗ್ ಕೆರೆದು ತೆಗೆದರು. ನಂಬರ್ ಹಾಕಿ ನೋಡಿದರೆ ಜಂಕ್ ಅಂತ ಬಂತು. ಇರುವ ಗಾಡಿಗೆ ಅದು ಇಲ್ಲ ಅನ್ನುವ ದಾಖಲೆ. ಕದ್ದ ಮಾಲಾ ಅಂತ ಅರ್ಧ ದಿನ ಪ್ರಶ್ನೆ ಕೇಳಿದರು. ನಾನು ತೆಗೆದಿಟ್ಟಿದ್ದ ರಸೀದಿ, ಫೋಟೋ ಇದ್ದದ್ದಕ್ಕೆ ಅಷ್ಟಕ್ಕೇ ಬಿಟ್ಟರು. ಟೈಟಲ್ ಮಾತ್ರ ಕೊಡಲಿಲ್ಲ. ಕೊನೆಗೆ ಕ್ಲೀನ್ ಟೈಟಲ್ ಇರುವ ಇನ್ನೊಂದು ಎಸ್-10 ಕೊಂಡು, ಪೇಂಟ್ ಆಗಿದ್ದ ಕ್ಯಾಬನ್ನು ಮತ್ತೆ ಎತ್ತಿ, ಎಲ್ಲ ಮೊದಲಿನಿಂದ ಮಾಡಿದೆ. ಹನ್ನೊಂದು ತಿಂಗಳು ಹಿಡಿಯಿತು. ಬಾಗಿಲ ಗ್ಯಾಪ್ ಮೊದಲ ಸಲದಷ್ಟು ಚೆನ್ನಾಗಿ ಬರಲೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಡೋನರ್ ಟೈಟಲ್ ನಿಮ್ಮ ಹತ್ತಿರವೇ ಇರಲಿ. ಎಸ್-10 ಕ್ಯಾಬ್ ಡ್ಯಾಶ್ ಮೇಲಿನ ವಿನ್ ಪ್ಲೇಟ್ ಸಮೇತ ಹಿತ್ತಲಲ್ಲಿ ತಾರ್ಪಾಲ್ ಕೆಳಗೆ ಇರಲಿ. ಪ್ಲೇಟ್ ಬಿಚ್ಚಬೇಡಿ, ಬಾಗಿಲ ಸ್ಟಿಕ್ಕರ್ ಕೀಳಬೇಡಿ. ಟೈಟಲ್ ಕೈಗೆ ಬಂದ ಮೇಲೆ ಆ ಕ್ಯಾಬನ್ನು ಏನು ಮಾಡಬೇಕು ಅಂತ ಇನ್ಸ್‌ಪೆಕ್ಟರನ್ನೇ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ಜಾಗ ಇಲ್ಲ ಅಂದರೆ ಬೆಡ್, ಸೀಟು, ಟೈಲ್‌ಗೇಟ್ ಮಾರಿ. ಅವುಗಳಿಗೆ ಟೈಟಲ್ ಬೇಕಿಲ್ಲ.

ಇನ್ನು ಪ್ಲೇಟ್ ಬಿಚ್ಚಿ ಬೇರೆ ಫ್ರೇಮಿಗೆ ಹಾಕುವ ಮಾತು. ಇದನ್ನು ಇಲ್ಲಿ ಮೂರ್ನಾಲ್ಕು ಜನ ಸುಮ್ನೆ ಲೈಕ್ ಮಾಡಿದ್ದಾರೆ, ನೋಡಿ ಬೇಜಾರಾಯಿತು. ವಿನ್ ತೆಗೆಯುವುದು, ಅಳಿಸುವುದು, ತಿದ್ದುವುದು ಫೆಡರಲ್ ಅಪರಾಧ. ಅಮೆರಿಕದ ಫೆಡರಲ್ ಕಾನೂನಿನ 18 ಯುಎಸ್‌ಸಿ 511 ಕಲಂ ಓದಿ, ಐದು ವರ್ಷದವರೆಗೆ ಜೈಲು ಇದೆ. ರಿಪೇರಿಗೆ, ರಾಜ್ಯದ ಕಾನೂನಿನ ಪ್ರಕಾರ ಮತ್ತೆ ಕೂರಿಸುವುದಕ್ಕೆ ವಿನಾಯಿತಿ ಇದೆ ನಿಜ. ಆದರೆ 1998ರ ಫ್ರೇಮನ್ನು 1951ರದ್ದು ಅಂತ ತೋರಿಸಲು ಪ್ಲೇಟ್ ಸಾಗಿಸುವುದು ರಿಪೇರಿ ಅಲ್ಲ. "ಎಲ್ಲರೂ ಮಾಡುತ್ತಾರೆ" ಅನ್ನುವವರು ನಿಮ್ಮ ಜೊತೆ ಕೋರ್ಟಿಗೆ ಬರುವುದಿಲ್ಲ. ಹಳೆ ಪ್ಲೇಟ್ ಬಾಗಿಲ ಕಂಬದಲ್ಲಿ ಇದ್ದಲ್ಲೇ ಇರಲಿ. ಪೇಂಟ್ ಮಾಡುವಾಗ ಅದರ ಮೇಲೆ ಟೇಪ್ ಹಾಕಿ.

ಸರಿಯಾದ ದಾರಿ ಇದೆ, ಸ್ವಲ್ಪ ನಿಧಾನ ಅಷ್ಟೇ. ಬಾಡಿ ಬೇರೆ, ಫ್ರೇಮ್ ಬೇರೆ ಇರುವ ಗಾಡಿಗಳಲ್ಲಿ ಗುರುತು ಫ್ರೇಮಿನದು ಅಂತ ತುಂಬ ರಾಜ್ಯಗಳು ನೋಡುತ್ತವೆ. ಹಾಗಾಗಿ ನಿಮ್ಮ ಗಾಡಿ ಎಸ್-10 ನಂಬರಲ್ಲೇ ಉಳಿಯಬಹುದು, ಇಲ್ಲವೇ ಅಸೆಂಬಲ್ಡ್, ರೀಕನ್‌ಸ್ಟ್ರಕ್ಟೆಡ್, ಸ್ಪೆಷಲಿ ಕನ್‌ಸ್ಟ್ರಕ್ಟೆಡ್ ಅನ್ನುವ ಹೆಸರಲ್ಲಿ ಟೈಟಲ್ ಬರಬಹುದು. ಕೆಲವು ಕಡೆ ಹೊಸ ನಂಬರೇ ಕೊಡುತ್ತಾರೆ. ಹೆಸರು, ಫಾರಂ, ತಪಾಸಣೆ ಮಾಡುವವರು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿಯ ವಿನ್ ನೋಡುವುದು ಹೈವೇ ಪ್ಯಾಟ್ರೋಲ್ ಪೊಲೀಸರು. ಅಲ್ಲಿ ಎಸ್‌ಬಿ 100 ಅನ್ನುವ ರಾಜ್ಯದ ಕಾನೂನಿನ ಪ್ರಕಾರ ಹೊಗೆ ತಪಾಸಣೆಯ ರಿಯಾಯಿತಿ ವರ್ಷಕ್ಕೆ 500 ಗಾಡಿಗೆ ಮಾತ್ರ. ನಿಮ್ಮ ರಾಜ್ಯ ಯಾವುದು ಅಂತ ಬರೆದಿಲ್ಲ. ಅದಿಲ್ಲದೆ ಯಾರು ಏನು ಹೇಳಿದರೂ ಅರ್ಧ ಉತ್ತರವೇ. ಗ್ರೈಂಡರ್ ಹಿಡಿಯುವ ಮೊದಲು ಡಿಎಂವಿಗೆ (ರಾಜ್ಯದ ಗಾಡಿ ನೋಂದಣಿ ಕಚೇರಿ) ಹೋಗಿ, ಆದರೆ ಕೌಂಟರಿನಲ್ಲಿ ಮಾತ್ರ ಕೇಳಿ ವಾಪಸ್ ಬರಬೇಡಿ. ಇನ್ಸ್‌ಪೆಕ್ಷನ್ ಮಾಡುವವರ ಹತ್ತಿರವೇ ಮಾತಾಡಿ.

ಬಿಲ್ ಆಫ್ ಸೇಲ್ ಮಾತ್ರ ಇದ್ದರೆ ವರ್ಮಾಂಟ್ ರಾಜ್ಯದ ದಾರಿ ಹಿಡಿಯಿರಿ ಅಂತ ಒಬ್ಬರು ಬರೆದಿದ್ದಾರೆ. ಅದು ಹಳೆ ಮಾತು. 15 ವರ್ಷ ದಾಟಿದ ಗಾಡಿಗೆ ಅಂಚೆಯಲ್ಲೇ ರಿಜಿಸ್ಟ್ರೇಷನ್ ಸಿಗುತ್ತಿತ್ತು, 2023ರಲ್ಲಿ ಹೊರಗಿನವರಿಗೆ ಬಿಗಿ ಮಾಡಿದರು. ಈಗ ಬಾಂಡೆಡ್ ಟೈಟಲ್, ಅಂದರೆ ಜಾಮೀನು ಬಾಂಡ್ ಕೊಟ್ಟು ಪಡೆಯುವ ಟೈಟಲ್ ನೋಡಿ. ಟೆಕ್ಸಾಸಿನಲ್ಲಿ ಗಾಡಿಯ ಬೆಲೆಯ ಒಂದೂವರೆ ಪಟ್ಟು ಬಾಂಡ್, ಮೂರು ವರ್ಷದ ಅವಧಿ. ಕಟ್ಟುವುದು ಪೂರ್ತಿ ಮೊತ್ತ ಅಲ್ಲ, ಅದರ ಪ್ರೀಮಿಯಂ. ಗಾಡಿ ನ್ಯೂಯಾರ್ಕಿನಿಂದ ಬಂದಿದ್ದರೆ ಟೈಟಲ್ ಹುಡುಕಬೇಡಿ, 1972ರ ಮತ್ತು ಅದಕ್ಕೂ ಹಿಂದಿನ ಗಾಡಿಗೆ ಅಲ್ಲಿ ಟೈಟಲ್ಲೇ ಕೊಡುವುದಿಲ್ಲ, ರಿಜಿಸ್ಟ್ರೇಷನ್ನೇ ಮಾಲೀಕತ್ವದ ಕಾಗದ. ಇನ್ನೊಂದು, ಆ ಕಾಲದಲ್ಲಿ ಎಷ್ಟೋ ರಾಜ್ಯಗಳು ಎಂಜಿನ್ ನಂಬರಿನ ಮೇಲೆ ಟೈಟಲ್ ಕೊಟ್ಟಿವೆ. ಹಳೆ ಕಾಗದ ಸಿಕ್ಕು, ಅದರಲ್ಲಿನ ನಂಬರ್ ವಿನ್ ಪ್ಲೇಟಿಗೆ ತಾಳೆ ಆಗದಿದ್ದರೆ ಗಾಬರಿ ಬೇಡ, ಎಂಜಿನ್ ಬ್ಲಾಕ್ ನೋಡಿ. ಆ ಎಂಜಿನ್ ಯಾವತ್ತೋ ಬದಲಾಗಿದ್ದರೆ ಮಾತ್ರ ಕಷ್ಟ. ಹಣ ಹಾಕುವ ಮುಂಚೆ ಹಳೆ ಕ್ಯಾಬಿನದು, ಎಸ್-10ದು ಎರಡೂ ವಿನ್ ನಂಬರನ್ನು ಎನ್‌ಐಸಿಬಿ ವಿನ್‌ಚೆಕ್‌ನಲ್ಲಿ (ಕದ್ದ ಗಾಡಿಯಾ ಅಂತ ನೋಡುವ ವೆಬ್‌ಸೈಟ್) ಹಾಕಿ ನೋಡಿ, ಬಿಟ್ಟಿ ಸಿಗುತ್ತದೆ. ಆದರೆ ಅಷ್ಟು ಹಳೆಯ ನಂಬರಿಗೆ ಅದು ಜಾಸ್ತಿ ಏನೂ ಹೇಳುವುದಿಲ್ಲ. ಅಕ್ಷರ, ಅಂಕಿ ಸೇರಿ 17 ಇರುವ ವಿನ್ ಬಂದಿದ್ದೇ 1981ರಲ್ಲಿ ಅಲ್ವಾ.

ನಿಮ್ಮ ಕ್ಯಾಬಿನ ಹಳೆ ಫ್ರೇಮ್ ಮಾರಿದವರ ಹತ್ತಿರ ಇನ್ನೂ ಇದೆಯಾ, ದಯವಿಟ್ಟು ಕೇಳಿ. ಇದ್ದರೆ ನಾನಾದರೆ ಎಸ್-10 ಬಿಟ್ಟು ಅದನ್ನೇ ತರುತ್ತೇನೆ. ಹಳೆ ಫ್ರೇಮ್ ನೇರ, ಗಟ್ಟಿ, ಕ್ಯಾಬ್ ಮೌಂಟ್ ಅದರದ್ದೇ ಇರುತ್ತದೆ. ಮುಂದೆ ಫೋರ್ಡ್ ಮಸ್ಟ್ಯಾಂಗ್ 2 ಕಾರಿನ ಮಾದರಿಯ ಸಸ್ಪೆನ್ಷನ್ ಕಿಟ್, ಹಿಂದೆ ಹೊಸ ಆಕ್ಸಲ್ ಮತ್ತು ಓಪನ್ ಡ್ರೈವ್‌ಶಾಫ್ಟ್ ಹಾಕಿದರೆ ಓಡಿಸಲು ಇವತ್ತಿನ ಗಾಡಿಯ ಹಾಗೇ ಇರುತ್ತದೆ. ಗುರುತು ಬದಲಾಗುವುದಿಲ್ಲ, ಕಾಗದದ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಎಸ್-10 ಅಗ್ಗ ಅನ್ನುತ್ತಾರೆ. ಮೌಂಟ್, ಬೆಡ್ ಫ್ಲೋರ್, ವೀಲ್ ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ನನಗೆ ಅಗ್ಗ ಅನಿಸಲಿಲ್ಲ. ಫೋರ್ಡ್ ಎಫ್-100 ಪಿಕಪ್ ಇರುವವರು 2003ರಿಂದ 2011ರ ಕ್ರೌನ್ ವಿಕ್ಟೋರಿಯಾ ಕಾರಿನ ಮುಂದಿನ ಸಸ್ಪೆನ್ಷನ್ ಹಾಕುತ್ತಾರೆ, ಅದೂ ಹಳೆ ಫ್ರೇಮಿಗೇ. ಒಳ್ಳೆಯ ಕೆಲಸ.

ಸರಿ, ಎಸ್-10 ಮೇಲೇ ಮಾಡುತ್ತೀರಿ ಅಂದರೆ ಮೌಂಟಿಗೆ ಬರೋಣ. ಲಾಂಗ್ ಬೆಡ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 117.9 ಇಂಚು, ನಿಮ್ಮ 3100ದ್ದು 116. ಎರಡು ಇಂಚಿನ ಹತ್ತಿರ ವ್ಯತ್ಯಾಸ. ಇದನ್ನು ಮುಂದೆ ತಳ್ಳಬೇಡಿ. ಮುಂದಿನ ಚಕ್ರ ಫೆಂಡರ್ ಕಮಾನಿನ ನಡುವೆಯೇ ಇರಬೇಕು, ವ್ಯತ್ಯಾಸ ಎಲ್ಲ ಬೆಡ್ ಕಡೆ ಹೋಗಲಿ. ಹಿಂದೆ ಬೆಡ್ ಸರಿಸಿದರೆ, ಫೆಂಡರ್ ಸ್ವಲ್ಪ ಜರುಗಿಸಿದರೆ ಯಾರಿಗೂ ಕಾಣುವುದಿಲ್ಲ. ಮುಂದೆ ಒಂದು ಇಂಚು ತಪ್ಪಿದರೂ ಬೀದಿ ಆಚೆಯಿಂದ ಕಾಣುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ಮೌಂಟ್ ಅಳತೆ ನೋಡಿ ಬ್ರಾಕೆಟ್ ಕತ್ತರಿಸಬೇಡಿ. ಗಾಡಿ ಸಮತಟ್ಟು ನೆಲದ ಮೇಲೆ, ಕೊನೆಗೆ ಹಾಕುವ ಟೈರು ಮತ್ತು ಎಂಜಿನ್ ತೂಕದ ಸಮೇತ ನಿಲ್ಲಬೇಕು. ದಾರಕ್ಕೆ ಗುಂಡು ಕಟ್ಟಿ ಆಕ್ಸಲ್ ನಡುಭಾಗವನ್ನು ನೆಲಕ್ಕೆ ಇಳಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕ್ಯಾಬ್ ಎತ್ತುವ ಮುನ್ನ ಬಾಗಿಲ ತೂತಿನ ಅಡ್ಡಕ್ಕೆ ಪೈಪ್ ವೆಲ್ಡ್ ಮಾಡಿ, ರಾಕರ್ (ಬಾಗಿಲ ಕೆಳಗಿನ ತಗಡು) ತುಕ್ಕು ಹಿಡಿದಿದ್ದರೆ ಕ್ಯಾಬ್ ಬಾಳೆಎಲೆ ಥರ ಮಡಚಿಕೊಳ್ಳುತ್ತದೆ. ಮರದ ತುಂಡಿನ ಮೇಲೆ ಕ್ಯಾಬ್ ಕೂರಿಸಿ. ಆಮೇಲೆ ರೇಡಿಯೇಟರ್ ಸಪೋರ್ಟ್, ಎರಡೂ ಫೆಂಡರ್, ಗ್ರಿಲ್, ಬಾನೆಟ್, ಬಾಗಿಲು, ರನ್ನಿಂಗ್ ಬೋರ್ಡ್ ಎಲ್ಲ ತೂಗುಹಾಕಿ. ಎಲ್ಲ ಗ್ಯಾಪ್ ಸರಿ ಬಂದ ಮೇಲೆ ಮಾತ್ರ ಟ್ಯಾಕ್, ಅಂದರೆ ಅಲ್ಲಲ್ಲಿ ಚಿಕ್ಕ ವೆಲ್ಡ್. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. ಪೂರ್ತಿ ವೆಲ್ಡ್ ಆಮೇಲೆ. ಮೌಂಟಿಗೆ 110 ವೋಲ್ಟಿನ ಚಿಕ್ಕ ಮೆಷಿನ್ ಸಾಲದು, 220ರದ್ದು ಬೇಕು. ಲಿಂಕನ್, ಮಿಲ್ಲರ್ ಯಾವುದಾದರೂ ಸರಿ, ಬಾಡಿಗೆಗೆ ತನ್ನಿ. ಮೌಂಟಿಗೆ ರಬ್ಬರ್ ಹಾಕಿ, ಪಾಲಿಯುರೆಥೇನ್ ಗಡಸು, ಹಳೆ ಕ್ಯಾಬ್ ಗಡಗಡ ಅನ್ನುತ್ತದೆ.

ಎಸ್-10 ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನ ಅಗಲ) ಕಿರಿದು, ಚಕ್ರ ಫೆಂಡರ್ ಒಳಗೆ ಅಡಗಿ ಗಾಡಿ ಸೊರಗಿದ ಹಾಗೆ ಕಾಣುತ್ತದೆ. ಹಿಂದೆ 4x4 ಎಸ್-10 ಅಥವಾ ಬ್ಲೇಜರ್ ಆಕ್ಸಲ್ ಹಾಕಿ, ಅದು ಅಗಲ. ಮುಂದೆ ಬ್ಯಾಕ್‌ಸ್ಪೇಸಿಂಗ್ (ವೀಲಿನ ಒಳ ಅಂಚಿನಿಂದ ಅದು ಹಬ್ಬಿಗೆ ಕೂರುವ ಜಾಗದವರೆಗಿನ ದೂರ) ಕಡಿಮೆ ಇರುವ ವೀಲ್ ಹಾಕಿ. ನಿಮ್ಮ ಹಳೆ ಆರು ಬೋಲ್ಟಿನ ವೀಲ್ ಎಸ್-10ರ 5x4.75 (ಐದು ಬೋಲ್ಟ್, 4.75 ಇಂಚಿನ ವೃತ್ತ) ಹಬ್ಬಿಗೆ ಕೂರುವುದಿಲ್ಲ. ಅಡಾಪ್ಟರ್ ಹಾಕಲೇಬೇಕು ಅಂದರೆ ಹಬ್ ಮೇಲೆ ಸರಿಯಾಗಿ ಕೂರುವ ಬಿಲ್ಲೆಟ್ (ಗಟ್ಟಿ ಲೋಹದಿಂದ ಕಡೆದದ್ದು) ತಗೊಳ್ಳಿ, ಎರಕದ ಅಗ್ಗದ್ದು ಬೇಡ. ಅದು ಒಡೆದರೆ ಚಕ್ರವೇ ಹೋಗುತ್ತದೆ.

ಬ್ರೇಕ್ ಮಾಸ್ಟರ್ ಸಿಲಿಂಡರ್ ಹಳೆಯ ಹಾಗೆ ನೆಲದ ಕೆಳಗೆ ಇಟ್ಟರೆ ರೆಸಿಡ್ಯುಯಲ್ ವಾಲ್ವ್ ಮರೆಯಬೇಡಿ, ಡಿಸ್ಕ್ ಕಡೆ 2 ಪಿಎಸ್‌ಐ, ಡ್ರಮ್ ಕಡೆ 10. ಇಲ್ಲದಿದ್ದರೆ ಫ್ಲೂಯಿಡ್ ವಾಪಸ್ ಇಳಿದು ಮೊದಲ ಒತ್ತು ಖಾಲಿ ಹೋಗುತ್ತದೆ. ಸೀಟಿನ ಹಿಂದಿನ ಪೆಟ್ರೋಲ್ ಟ್ಯಾಂಕ್ ತೆಗೆದುಹಾಕಿ, ಡೋನರ್ ಟ್ಯಾಂಕೇ ಉಳಿಸಿಕೊಳ್ಳಿ. ಬೆನ್ನ ಹಿಂದೆ ಪೆಟ್ರೋಲ್ ಇಟ್ಟುಕೊಂಡು ಮಕ್ಕಳನ್ನು ಕೂರಿಸಬೇಡಿ. ಆದರೆ ಹಳೆ ಪೆಟ್ರೋಲ್ ಗೇಜ್ 0ರಿಂದ 30 ಓಮಿನದು, ಹೊಸ ಸೆಂಡರ್‌ಗೆ (ಟ್ಯಾಂಕಿನೊಳಗಿನ ಮಟ್ಟ ತಿಳಿಸುವ ಸೆನ್ಸರ್) ಸುಳ್ಳು ಹೇಳುತ್ತದೆ, ಮಧ್ಯೆ ಕನ್ವರ್ಟರ್ ಬೇಕು. ಡೋನರ್ ಸ್ಟೀರಿಂಗ್ ಬಿಚ್ಚುವಾಗ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಕಾಯಿರಿ, ಏರ್‌ಬ್ಯಾಗ್ ಮುಖಕ್ಕೆ ಸಿಡಿಯಬಾರದು.

ಫ್ರೇಮಿಗೆ ನಾನು ಈಗ ಪೌಡರ್ ಕೋಟ್ ಬಿಟ್ಟು ಪಿಓಆರ್-15 ಅನ್ನುವ ತುಕ್ಕು ತಡೆಯುವ ಪೇಂಟ್ ಹಚ್ಚುತ್ತೇನೆ. ತುಕ್ಕಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಬಿಸಿಲು ಬೀಳುವ ಕಡೆ ಮೇಲೊಂದು ಟಾಪ್ ಕೋಟ್ ಬೇಕು. ಯಾವುದೇ ಹಚ್ಚಿ, ಹಚ್ಚುವ ಮೊದಲು ಫ್ರೇಮಿನ ನಂಬರಿನ ಜಾಗ ವೈರ್ ಬ್ರಷ್‌ನಲ್ಲಿ ಮೃದುವಾಗಿ ಉಜ್ಜಿ ಫೋಟೋ ತೆಗೆಯಿರಿ. ಗ್ರೈಂಡರ್ ಆ ಕಡೆ ಹೋಗಲೇಬಾರದು. ಅಲ್ಲಿ ತೆಳುವಾಗಿ ಕ್ಲಿಯರ್ (ಪಾರದರ್ಶಕ) ಕೋಟ್ ಹೊಡೆದು ಓದುವ ಹಾಗೆ ಬಿಡಿ. ಫೋಟೋ, ಡೋನರ್ ಟೈಟಲ್ ಕಾಪಿ, ಪ್ರತಿ ಪಾರ್ಟಿನ ರಸೀದಿ ಒಂದೇ ಫೈಲಿನಲ್ಲಿ ಹಾಕಿ. ಇನ್ಶೂರೆನ್ಸ್‌ನವರಿಗೂ ಬಾಡಿ 1951, ಫ್ರೇಮ್ 1998 ಅಂತ ಸ್ಪಷ್ಟವಾಗಿ ಹೇಳಿ ಅಗ್ರೀಡ್ ವ್ಯಾಲ್ಯೂ (ಗಾಡಿಯ ಬೆಲೆ ಮೊದಲೇ ಒಪ್ಪಿಕೊಂಡ) ಪಾಲಿಸಿ ತಗೊಳ್ಳಿ.

ಈಗ ರಾಜ್ಯ ಯಾವುದು, ಹಳೆ ಫ್ರೇಮ್ ಸಿಗುತ್ತದಾ, ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಕ್ಯಾಬ್ ಇಡಲು ಜಾಗ ಇಲ್ಲದಿದ್ದರೆ ಅದನ್ನೂ ಹೇಳಿ. ಹತ್ತಿರ ಇರುವವರು ಯಾರಾದರೂ ಕೆಲವು ತಿಂಗಳು ಇಟ್ಟುಕೊಳ್ಳುತ್ತಾರೆ.