ಭಾಲ್ಕಿಯಿಂದ ಹೊರಡಲಿರುವ ತಮ್ಮನಿಗೆ: ರಾಜೀನಾಮೆ, ವೀಸಾ ಮತ್ತು ವಿಮಾನದ ದಾರಿ

ಹೈದರಾಬಾದಿನಲ್ಲಿ ಆರು ವರ್ಷ ದುಡಿದ ನಿಮಗೆ ಜರ್ಮನಿಯ ಕಂಪನಿಯೊಂದರಿಂದ ನೇಮಕಾತಿ ಪತ್ರ ಬಂದಿದೆ. ಈಗಿನ ಕೆಲಸಕ್ಕೆ ಯಾವಾಗ ರಾಜೀನಾಮೆ ಕೊಡಬೇಕು, ಅಲ್ಲಿನ ಕೆಲಸ ಹಿಡಿಸದಿದ್ದರೆ ಬೇರೆ ಕಡೆ ಸೇರಬಹುದೇ, ವಿಮಾನಗಳು ಇಷ್ಟೊಂದು ಇರುವಾಗ ಭಾಲ್ಕಿಯ ತಂದೆತಾಯಿಗೆ ನಾನು ದೂರವಾದಂತೇನೂ ಅಲ್ಲವಲ್ಲ ಎಂದು ಕೇಳಿದ್ದೀರಿ. ಆಳಂದ ತಾಲ್ಲೂಕಿನಿಂದ ಸ್ಟುಟ್‌ಗಾರ್ಟಿಗೆ ಬಂದು ಹನ್ನೆರಡು ವರ್ಷವಾದ ನಾನು, ಅಣ್ಣನೆಂದು ಕರೆದು ಕೇಳಿದ ನಿಮಗೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ವೀಸಾ ಇರುವ ಪಾಸ್‌ಪೋರ್ಟ್ ಕೈಗೆ ಬರುವ ತನಕ ದಯವಿಟ್ಟು ರಾಜೀನಾಮೆ ಕೊಡಬೇಡಿ. ನಾನು ನೇಮಕಾತಿ ಪತ್ರ ಬಂದ ವಾರವೇ ಕೊಟ್ಟೆ. ವೀಸಾ ತಡವಾಗಿ ಎರಡು ತಿಂಗಳು ಸಂಬಳವಿಲ್ಲದೆ ಊರಲ್ಲಿ ಕುಳಿತೆ, ಆ ವರ್ಷ ತೊಗರಿ ಮಾರಿದ ಹಣದಲ್ಲಿ ಅಪ್ಪ ನನ್ನ ಟಿಕೆಟ್ ತೆಗೆಸಿಕೊಟ್ಟರು. ನಿಮ್ಮ ನೋಟಿಸ್ ಅವಧಿ ಎಷ್ಟೆಂದು ಜರ್ಮನಿಯವರಿಗೆ ಮೊದಲೇ ತಿಳಿಸಿ, ಸೇರುವ ದಿನಾಂಕವನ್ನು ವೀಸಾ ಸಿಕ್ಕ ದಿನದಿಂದ ಎಣಿಸುವಂತೆ ಕೇಳಿಕೊಳ್ಳಿ.

ಕೆಲಸ ಬದಲಿಸುವುದು ಇಲ್ಲಿ ಸಾಧ್ಯ. ಪದವಿ ಮತ್ತು ಸಂಬಳದ ಆಧಾರದ ಮೇಲೆ ಸಿಗುವ ಬ್ಲೂ ಕಾರ್ಡ್ ಎಂಬ ವಾಸ ಮತ್ತು ಕೆಲಸದ ಪರವಾನಗಿ ಇದ್ದವರು ಈಗ ಮುಂಗಡ ಅನುಮತಿ ಪಡೆಯದೆ ಬೇರೆ ಕಂಪನಿ ಸೇರಬಹುದು. ಆದರೆ ಮೊದಲ 12 ತಿಂಗಳಲ್ಲಿ ವಿದೇಶಿಯರ ಕಚೇರಿಗೆ ಆ ಬದಲಾವಣೆಯನ್ನು 30 ದಿನ ತಡೆಹಿಡಿದು ಪರಿಶೀಲಿಸುವ ಅಧಿಕಾರವಿದೆ. ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳಿದ್ದು, ಆ ಅವಧಿಯಲ್ಲಿ ನೀವಾಗಲಿ ಕಂಪನಿಯಾಗಲಿ ಎರಡು ವಾರದ ನೋಟಿಸಿನಲ್ಲಿ ಸಂಬಂಧ ಕಡಿದುಕೊಳ್ಳಬಹುದು ಎಂಬುದನ್ನು ಸಾಲ ಮಾಡುವ ಮುನ್ನ ನೆನಪಿಡಿ. ಇನ್ನೊಂದು ಮಾತು: ಇಲ್ಲಿ ರಾಜೀನಾಮೆ ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ ಕಂಪನಿಯ ಕೈ ಸೇರಿದರೆ ಮಾತ್ರ ಕಾನೂನಿನ ಪ್ರಕಾರ ಸಲ್ಲುತ್ತದೆ. ನಾನು ಹೈದರಾಬಾದಿನ ರೂಢಿಯಂತೆ ಇ-ಮೇಲ್ ಕಳುಹಿಸಿ ಸುಮ್ಮನಿದ್ದೆ. ತಿಂಗಳು ದಾಟಿದ ಮೇಲೆ ಅದು ಊರ್ಜಿತವಲ್ಲವೆಂದು ತಿಳಿದು, ನೋಟಿಸ್ ಅವಧಿ ಮತ್ತೆ ಮೊದಲಿನಿಂದ ಎಣಿಕೆಯಾಗಿ, ಹೊಸ ಕಂಪನಿಯವರೆದುರು ತಲೆ ತಗ್ಗಿಸಬೇಕಾಯಿತು. ಮೊದಲ ವರ್ಷ ಸಂಬಳದ ಆಸೆಗೆ ಜಿಗಿಯುವ ಬದಲು ಸಂಜೆಗಳನ್ನು ಜರ್ಮನ್ ಭಾಷೆಗೆ ಕೊಡಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಬ್ಲೂ ಕಾರ್ಡಿನವರಿಗೆ 27 ತಿಂಗಳ ಕೆಲಸದ ನಂತರ ಸಿಗುವ ಕಾಯಂ ವಾಸದ ಪರವಾನಗಿ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೇ ಸಿಗುತ್ತದೆ.

ಇನ್ನು ದೂರದ ಮಾತು. 2019 ರ ನವೆಂಬರಿನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಮನೆ ಬಾಗಿಲಿಗೇ ಬಂದಿಳಿದಂತೆ ಸಂತೋಷಪಟ್ಟಿದ್ದೆ, ಆದರೆ ಹೊರದೇಶಕ್ಕೆ ನಮಗೆ ಈಗಲೂ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣವೇ ಗತಿ. ಫ್ರಾಂಕ್‌ಫರ್ಟಿನಿಂದ ಹೈದರಾಬಾದಿಗೆ 2024 ರ ಜನವರಿಯಲ್ಲಿ ನೇರ ವಿಮಾನ ಶುರುವಾದದ್ದು ನಮ್ಮ ಭಾಗದವರಿಗೆ ನಿಜವಾದ ಉಪಕಾರ. ಆದರೂ ನನ್ನ ಮನೆಯಿಂದ ಫ್ರಾಂಕ್‌ಫರ್ಟಿಗೆ ರೈಲು, ಅಲ್ಲಿ ಮೂರು ಗಂಟೆ ಕಾಯುವಿಕೆ, ಎಂಟೂವರೆ ಗಂಟೆಯ ಹಾರಾಟ, ಇಮಿಗ್ರೇಷನ್ ಸಾಲು, ಆಮೇಲೆ ರಸ್ತೆಯಲ್ಲಿ ಆರು ಗಂಟೆ ಸೇರಿಸಿದರೆ ಆಕಾಶದಲ್ಲಿ ಕಳೆದದ್ದು ಪ್ರಯಾಣದ ಅರ್ಧವೂ ಆಗುವುದಿಲ್ಲ. ತಂದೆತಾಯಿಯ ದೂರವನ್ನು ನೀವು ಈ ಇಡೀ ಲೆಕ್ಕದಲ್ಲೇ ಅಳೆಯಬೇಕು, ತುರ್ತಿಗೆ ಬೇಕಾಗುವ ಟಿಕೆಟಿನ ಹಣವನ್ನು ಮೊದಲ ಸಂಬಳದಿಂದಲೇ ಬೇರೆ ತೆಗೆದಿಡಬೇಕು.

ಅವರನ್ನು ಇಲ್ಲಿಗೆ ಕರೆಸಿಕೊಳ್ಳುವ ಮಾತು ಬಂದಾಗ ಇಂದಿನ ವಿಮಾನಯಾನದ ಬಗ್ಗೆ ನನಗೆ ನೋವಿದೆ. ಟಿಕೆಟ್, ಚೆಕ್-ಇನ್, ಬೋರ್ಡಿಂಗ್ ಪಾಸ್ ಎಲ್ಲವೂ ಫೋನಿಗೆ ಹೋಗಿ, ಕೇಳಿದರೆ ಉತ್ತರಿಸುವ ಮನುಷ್ಯರು ಕಡಿಮೆಯಾಗುತ್ತಿದ್ದಾರೆ. ಕನ್ನಡವೊಂದನ್ನೇ ಓದಬಲ್ಲ ನನ್ನ ಅವ್ವನಂಥವರು ಆ ಪರದೆಗಳ ನಡುವೆ ದಿಕ್ಕುಗಾಣದೆ ನಿಲ್ಲುತ್ತಾರೆ. ಅವರು ನಡೆಯಬಲ್ಲವರಾದರೂ ದೂರದ ಗೇಟಿಗೆ ಒಬ್ಬರೇ ಹೋಗಲು ಕಷ್ಟಪಡುವವರಾದ್ದರಿಂದ ನಾನು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ನೆರವು ಕೇಳುತ್ತೇನೆ. ತಡವೆಂದರೆ 48 ಗಂಟೆ ಮುಂಚೆಯಾದರೂ ತಿಳಿಸಿರಬೇಕು. ಆಗ ಸಿಬ್ಬಂದಿಯೊಬ್ಬರು ಬಾಗಿಲಿನಿಂದ ಬಾಗಿಲಿಗೆ ಜೊತೆಗಿರುತ್ತಾರೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಗುಡ್ಡದ ಮೇಲಿನಷ್ಟೇ ಇದ್ದು, ಗಾಳಿ ಬಹಳ ಒಣಗಿರುತ್ತದೆ. ಮೊದಲ ಸಲ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯದೆ ಕುಳಿತೇ ಬಂದ ಅವ್ವ, ಕಾಲು ಊದಿಸಿಕೊಂಡು ಇಳಿದರು. ಯುರೋಪಿಗೆ ಹಾಲಿನ ಪದಾರ್ಥ ತರುವಂತಿಲ್ಲವೆಂದು ನಾನು ಹೇಳಿರಲಿಲ್ಲವಾದ್ದರಿಂದ, ಮನೆಯಲ್ಲೇ ಕಾಯಿಸಿದ ಎರಡು ಕಿಲೋ ತುಪ್ಪವನ್ನು ಕಸ್ಟಮ್ಸಿನಲ್ಲಿ ಬಿಟ್ಟು ಬರಬೇಕಾಯಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಮನೆ ಸೇರಿದವು.

ಬಂದು ಮನೆ ಹಿಡಿದ ಎರಡು ವಾರದೊಳಗೆ ನೀವು ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಸ್ವಂತ ಬಾಡಿಗೆ ಮನೆ ಸಿಗುವವರೆಗೆ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ನಮ್ಮ ಮಾಲೀಕರನ್ನು ಕೇಳಿ ಪತ್ರ ಮಾಡಿಸಲು ಸಮಯ ಹಿಡಿಯುವುದರಿಂದ ವೀಸಾ ಬಂದ ದಿನವೇ ನನಗೆ ತಿಳಿಸಿ.