ಮೈನಸ್ 40 ಡಿಗ್ರಿ ಚಳಿ ತಡೆಯುವ ಹಿಮಸಾರಂಗ, ಚಳಿಗಾಲದಲ್ಲಿ ಮಳೆ ಬಂದರೆ ಸಾಯುವುದೇಕೆ?

ಮಳೆಯಲ್ಲಿ ನೆನೆದು ಅಲ್ಲ, ಹೊಟ್ಟೆಗಿಲ್ಲದೆ ಸಾಯುತ್ತವೆ. ಮೇವು ಕಾಲ ಕೆಳಗೇ ಇರುತ್ತದೆ, ಆದರೆ ಅದರ ಮೇಲೆ ಮಂಜುಗಡ್ಡೆ ಕಟ್ಟಿಕೊಂಡಿರುತ್ತದೆ.

ಚಳಿಗಾಲದಲ್ಲಿ ಅವು ಜಾಸ್ತಿ ತಿನ್ನುವುದು ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ವಾ, ಅದೇ ಬಳಗದ್ದು, ಅಲ್ಲಿ ನೆಲದ ಮೇಲೆ ಬೆಳೆಯುತ್ತದೆ. ಹಿಮ ಒಣಗಿ ಪುಡಿಪುಡಿಯಾಗಿದ್ದರೆ ತೊಂದರೆಯೇ ಇಲ್ಲ. ಸಾರಂಗ ಮೂತಿ ಒಳಗೆ ತೂರಿಸಿ ಮೂಸಿ ನೋಡುತ್ತದೆ, ವಾಸನೆ ಸಿಕ್ಕ ಕಡೆ ಗೊರಸಿನಿಂದ ಕೆದಕುತ್ತದೆ. ಚಳಿಗಾಲಕ್ಕೆ ಗೊರಸಿನ ಮೆತ್ತನೆಯ ಭಾಗ ಕುಗ್ಗಿ ಅಂಚು ಚೂಪಾಗುವುದೂ ಇದಕ್ಕೆ ಅನುಕೂಲ.

ಮಳೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ನೀರು ಹಿಮದೊಳಗೆ ಇಳಿಯುತ್ತದೆ. ಕೆಳಗಿನ ನೆಲ ಹೆಪ್ಪುಗಟ್ಟಿರುವುದರಿಂದ ಅದನ್ನು ಹೀರಿಕೊಳ್ಳುವುದಿಲ್ಲ. ಮತ್ತೆ ಚಳಿ ಬಿದ್ದಾಗ ಆ ನೀರು ಕಲ್ಲುಹೂವಿನ ಸಮೇತ ಗಟ್ಟಿಯಾಗುತ್ತದೆ. ಗೊರಸಿಗೆ ಒಡೆಯಲಾಗದು, ಮೂಗಿಗೆ ವಾಸನೆಯೂ ಸಿಗದು. ಚಳಿಗಾಲ ಮುಗಿಯುವ ತನಕ ಅದು ಕರಗುವುದಿಲ್ಲ.

ರಷ್ಯಾದ ಯಮಾಲ್ ಪರ್ಯಾಯ ದ್ವೀಪದಲ್ಲಿ 2013ರ ನವೆಂಬರ್‌ನಲ್ಲಿ ಹೀಗೇ ಆಯಿತು. ಸುಮಾರು 61,000 ಸಾರಂಗಗಳು ಸತ್ತವು. ಅವುಗಳನ್ನೇ ನಂಬಿ ಬದುಕುವ ನೆನೆತ್ಸ್ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಹಿಂಡೇ ಉಳಿಯಲಿಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಇಂಥ ವರ್ಷ ಸಾರಂಗಗಳು ದಡಕ್ಕಿಳಿದು ಕಡಲಪಾಚಿ ತಿನ್ನುತ್ತವೆ. ಅದರಿಂದಲೇ ಹೊಟ್ಟೆ ತುಂಬುವುದಿಲ್ಲ, ಸುಮ್ನೆ ದಿನ ತಳ್ಳಲು ಅಷ್ಟೆ.

ಉತ್ತರ ಧ್ರುವದ ಸುತ್ತಲಿನ ಪ್ರದೇಶ ಭೂಮಿಯ ಸರಾಸರಿಗಿಂತ ವೇಗವಾಗಿ ಬಿಸಿಯಾಗುತ್ತಿದೆ. ಹಾಗಾಗಿ ಹಿಮ ಬೀಳಬೇಕಾದ ತಿಂಗಳಲ್ಲೇ ಮಳೆ ಸುರಿಯುವ ಸಾಧ್ಯತೆ ಈಗ ಇನ್ನೂ ಜಾಸ್ತಿ.